ನಿಮ್ಮ ಫೋನಿಗೆ ನೀವೇ ಆಪರೇಟರ್

(ಮಾಟುಂಗಾದಲ್ಲಿ ಹಿರಿಯ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರೂ ಫೋನ್ ಕೈಗೆ ತೆಗೆದುಕೊಳ್ಳಿ. ಸಭೆಯಲ್ಲಿ ಫೋನ್ ಒಳಗಿಡಿ ಎಂದು ಹೇಳುವವರೇ ಎಲ್ಲ. ನಾನು ಮಾತ್ರ ಹೊರಗೆ ತೆಗೆಯಿರಿ ಎನ್ನುತ್ತೇನೆ. ಕನ್ನಡಕ ಬೇಕಾದವರು ಅದನ್ನೂ ಹಾಕಿಕೊಳ್ಳಿ. ಅಕ್ಷರ ಸಣ್ಣದಿದೆ.

ಎರಡು ವರ್ಷದ ಹಿಂದಿನ ಮಾತು. ಮಳೆಗಾಲ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ದಾದರಿಗೆ ಹೊರಟಿದ್ದೆ. ಠಾಣೆ ಬರುವಷ್ಟರಲ್ಲಿ ಐದು ಕಾಲ್ ಬಂದವು. ಒಬ್ಬ ಸಾಲ ಬೇಕಾ ಅಂದ. ಇನ್ನೊಬ್ಬ ಕರ್ಜತ್‌ನಲ್ಲಿ ಪ್ಲಾಟ್ ಕೊಡುತ್ತೇನೆ ಅಂದ. ಎರಡು ಕಾಲ್ ಎತ್ತಿದ ಕೂಡಲೇ ಕಟ್ ಆದವು. ಐದನೆಯದು ರೆಕಾರ್ಡ್ ಮಾಡಿದ ದನಿ, ಅದಕ್ಕೆ ಬೈದರೂ ಕೇಳಿಸುವುದಿಲ್ಲ. ತಲೆ ಕೆಟ್ಟು ಫೋನನ್ನು ಸೈಲೆಂಟ್ ಮಾಡಿ ಚೀಲಕ್ಕೆ ಹಾಕಿದೆ. ದಾದರಿನಲ್ಲಿ ಇಳಿದು ನೋಡಿದರೆ ಉಡುಪಿಯಿಂದ ನನ್ನ ಅಕ್ಕನ ಮನೆಯ ಒಂಬತ್ತು ಮಿಸ್ಡ್ ಕಾಲ್. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆಗೆ ಸೇರಿಸುವುದಕ್ಕೆ ಮುಂಚೆ ನನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು ಅವರಿಗೆ. ನಾನು ಸಿಗಲಿಲ್ಲ.

ಅಕ್ಕ ಈಗ ಕೋಲು ಹಿಡಿದು ಓಡಾಡುತ್ತಾಳೆ, ಚೆನ್ನಾಗಿದ್ದಾಳೆ. ಆದರೆ ನನಗೆ ನಾಚಿಕೆಯಾಯಿತು. ಯಾಕೆಂದರೆ ನನ್ನ ಕಸುಬೇ ಅದು. ಬೇಕಾದ ಕರೆಯನ್ನು ಬೇಕಾದವರಿಗೆ ಮುಟ್ಟಿಸುವುದು.

ನಾನು ಬಾಂಬೆ ಟೆಲಿಫೋನ್ಸ್‌ನಲ್ಲಿ ಟ್ರಂಕ್ ಆಪರೇಟರ್ ಆಗಿ, ಅಂದರೆ ದೂರದ ಊರಿನ ಕರೆಗಳನ್ನು ಜೋಡಿಸುವವಳಾಗಿ, ಕೆಲಸಕ್ಕೆ ಸೇರಿದವಳು. 1986ರಲ್ಲಿ ಅದು ಎಂಟಿಎನ್‌ಎಲ್ ಎಂಬ ಸರ್ಕಾರಿ ಕಂಪನಿ ಆಯಿತು. 2020ರ ಜನವರಿ ಕೊನೆಯ ದಿನ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಜನ ಒಟ್ಟಿಗೆ ಸ್ವಯಂ ನಿವೃತ್ತಿ ತಗೊಂಡೆವಲ್ಲ, ಆ ಗುಂಪಿನಲ್ಲಿ ನಾನೂ ಇದ್ದೆ. ಇಲ್ಲಿ ಕೂತಿರುವ ಹೋಟೆಲಿನ ಅಣ್ಣಂದಿರಿಗೆ ನೆನಪಿರಬಹುದು. ಊರಿಗೆ ಮಾತಾಡಬೇಕಾದರೆ ಟ್ರಂಕ್ ಬುಕ್ ಮಾಡಿ ಕಾಯಬೇಕಿತ್ತು. ನಾವು ಕೇಳುತ್ತಿದ್ದೆವು: ಆರ್ಡಿನರಿಯಾ, ಅರ್ಜೆಂಟಾ, ಲೈಟ್ನಿಂಗಾ? ಅರ್ಜೆಂಟಿಗೆ ದುಡ್ಡು ಜಾಸ್ತಿ, ಲೈಟ್ನಿಂಗಿಗೆ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಪಿಪಿ ಕಾಲ್ ಎಂದಿತ್ತು. ಇಂಥವರೇ ಬೇಕು, ಅವರು ಸಿಕ್ಕಿದರೆ ಮಾತ್ರ ಲೈನ್ ಕೊಡಿ ಎಂದು. ಯಾರು, ಯಾರಿಗೆ, ಎಷ್ಟು ಅವಸರ. ಈ ಮೂರು ಪ್ರಶ್ನೆ ಕೇಳದೆ ನಾವು ಯಾರ ಮನೆಯ ಗಂಟೆಯನ್ನೂ ಬಾರಿಸುತ್ತಿರಲಿಲ್ಲ.

ಮೊಬೈಲ್ ಬಂದಾಗ ಆ ಮೂರು ಪ್ರಶ್ನೆ ಕೇಳುವವರು ಇಲ್ಲವಾದರು. ಮೊದಮೊದಲು ಒಳಗೆ ಬರುವ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು, ನೆನಪಿದೆಯಾ? ಸ್ಕ್ರೀನ್ ನೋಡಿ ಕಟ್ ಮಾಡಿ, ಮೂಲೆಯ ಪಿಸಿಒಗೆ ಹೋಗಿ ತಿರುಗಿ ಮಾಡುತ್ತಿದ್ದೆವು. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯಿತು. ಎಲ್ಲರಿಗೂ ಖುಷಿ. ಬಾಗಿಲು ಹಾರು ಹೊಡೆದದ್ದೂ ಅವತ್ತೇ. ಕರೆ ಮಾಡುವವನಿಗೆ ಸೋವಿ, ಎತ್ತುವವರಿಗೆ ಪುಕ್ಕಟೆ. ಮಾರುವವನು ಸುಮ್ನೆ ಇರುತ್ತಾನಾ?

ಅದಕ್ಕೇ ಆ ಮೂರು ಪ್ರಶ್ನೆಯನ್ನು ಈಗ ಫೋನಿಗೆ ಕಲಿಸಬೇಕು. ಅದಕ್ಕೆ ಹೊಸ ಆಪ್ ಏನೂ ಬೇಡ. ಒಳಗೇ ಇದೆ.

ಸೆಟ್ಟಿಂಗ್ಸ್ ತೆರೆಯಿರಿ. ಮೇಲೆ ಹುಡುಕುವ ಜಾಗ ಇರುತ್ತದೆ. ಅಲ್ಲಿ ಡು ನಾಟ್ ಡಿಸ್ಟರ್ಬ್ ಎಂದು ಬರೆಯಿರಿ. ಒಂದೊಂದು ಕಂಪನಿ ಅದನ್ನು ಒಂದೊಂದು ಕಡೆ ಅಡಗಿಸಿಟ್ಟಿರುತ್ತದೆ, ಹುಡುಕಿದರೆ ಬೇಗ ಸಿಗುತ್ತದೆ. ಇದನ್ನು ಆನ್ ಮಾಡಿದರೆ ಫೋನ್ ಬಾಯಿ ಮುಚ್ಚುತ್ತದೆ. ಅಲಾರಾಂ ಮಾತ್ರ ಸಾಮಾನ್ಯವಾಗಿ ಹೊಡೆಯುತ್ತದೆ, ಹೆದರಬೇಡಿ. ಈಗ ಒಳಗೆ ಕಾಲ್ಸ್ ಎಂದಿರುವಲ್ಲಿ ಹೋಗಿ. ಯಾರ ಕರೆ ಒಳಗೆ ಬಿಡಬೇಕು ಎಂದು ಅದು ಕೇಳುತ್ತದೆ. ಸ್ಟಾರ್ಡ್ ಕಾಂಟ್ಯಾಕ್ಟ್ಸ್ ಆರಿಸಿ. ಅಂದರೆ ನಕ್ಷತ್ರ ಹಾಕಿದವರು. ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಮಗಳ ಹೆಸರು ತೆರೆದರೆ ಮೇಲೆ ಒಂದು ನಕ್ಷತ್ರ ಕಾಣುತ್ತದೆ. ಒತ್ತಿದರೆ ತುಂಬಿಕೊಳ್ಳುತ್ತದೆ. ಮಕ್ಕಳು, ಊರಿನ ಮನೆ, ಡಾಕ್ಟರು, ಸೊಸೈಟಿಯ ವಾಚ್‌ಮನ್, ಪಕ್ಕದ ಮನೆಯವರು. ಎಂಟು ಹತ್ತು ಜನ ಸಾಕು. ಎಲ್ಲರಿಗೂ ನಕ್ಷತ್ರ ಕೊಟ್ಟರೆ ಯಾರಿಗೂ ಕೊಡದ ಹಾಗೆಯೇ.

ಇದು ನಮ್ಮ ಪಿಪಿ ಕಾಲ್. ಇನ್ನು ಲೈಟ್ನಿಂಗ್.

ಅದೇ ಜಾಗದಲ್ಲಿ ರಿಪೀಟ್ ಕಾಲರ್ಸ್ ಎಂದು ಒಂದು ಸ್ವಿಚ್ ಇದೆ. ಇದು ನನಗೆ ಬಹಳ ಇಷ್ಟವಾದದ್ದು. ಒಂದೇ ನಂಬರಿನಿಂದ ಹದಿನೈದು ನಿಮಿಷದ ಒಳಗೆ ಎರಡನೇ ಸಲ ಕರೆ ಬಂದರೆ, ನಕ್ಷತ್ರ ಇಲ್ಲದಿದ್ದರೂ ಫೋನ್ ರಿಂಗ್ ಆಗುತ್ತದೆ. ಐಫೋನಿನಲ್ಲಿ ಮೂರು ನಿಮಿಷ. ಯೋಚನೆ ಮಾಡಿ, ಎಷ್ಟು ಚೆಂದದ ಲೆಕ್ಕ. ಸಾಲ ಮಾರುವವನ ಮುಂದೆ ಉದ್ದದ ಪಟ್ಟಿ ಇರುತ್ತದೆ, ನೀವು ಎತ್ತದಿದ್ದರೆ ಅವನು ಮುಂದಿನ ನಂಬರಿಗೆ ಹೋಗುತ್ತಾನೆ. ಅಕ್ಕ ಬಿದ್ದಿದ್ದಾಳೆ ಎಂದು ಹೇಳಬೇಕಾದವನು ತಕ್ಷಣ ಮತ್ತೆ ಮಾಡುತ್ತಾನೆ. ಅವಸರ ಇರುವವನನ್ನು ಗುರುತು ಹಿಡಿಯುವುದಕ್ಕೆ ನಾವು ಎಕ್ಸ್‌ಚೇಂಜಿನಲ್ಲಿ ದನಿ ಕೇಳುತ್ತಿದ್ದೆವು. ಫೋನು ಅವನ ಹಟ ನೋಡುತ್ತದೆ.

ಕೊನೆಗೆ ಶೆಡ್ಯೂಲ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು ಎಂದು ಕೊಟ್ಟುಬಿಡಿ. ತಾನೇ ಆನ್ ಆಗಿ ತಾನೇ ಆಫ್ ಆಗುತ್ತದೆ. ಮುಂಬೈಯಲ್ಲಿ ಇರುವ ನಮಗೆಲ್ಲ ಒಂದೇ ಭಯ, ರಾತ್ರಿ ಎರಡು ಗಂಟೆಗೆ ಊರಿಂದ ಫೋನ್. ಆ ಭಯಕ್ಕೇ ನಾವು ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತೇವೆ, ಯಾರದ್ದೋ ಗುಡ್ ನೈಟ್ ಹೂವಿನ ಚಿತ್ರಕ್ಕೆ ಎಚ್ಚರವಾಗುತ್ತೇವೆ. ಈ ಒಂದು ಏರ್ಪಾಡು ಮಾಡಿದರೆ ಹೂವು ಬೆಳಿಗ್ಗೆ ಸಿಗುತ್ತದೆ, ಊರಿನ ಕರೆ ರಾತ್ರಿಯೇ ಸಿಗುತ್ತದೆ.

ವಾಟ್ಸಾಪ್ ಕರೆಗೆ ಬೇರೆ ಬಾಗಿಲು. ವಾಟ್ಸಾಪ್ ಸೆಟ್ಟಿಂಗ್ಸ್, ಪ್ರೈವಸಿ, ಕಾಲ್ಸ್. ಅಲ್ಲಿ ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಆನ್ ಮಾಡಿ. 2023ರಲ್ಲಿ ಬಂದ ಸೌಲಭ್ಯ. ಗುರುತಿಲ್ಲದ ನಂಬರಿನ ಕರೆ ಸದ್ದು ಮಾಡುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಪೊಲೀಸ್ ಟೋಪಿ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸುತ್ತಾರಲ್ಲ, ಅವರಲ್ಲಿ ಹೆಚ್ಚಿನವರು ಬರುವುದು ಈ ಬಾಗಿಲಿಂದ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ.

ಈಗ ಹೆಸರು ತೋರಿಸುವ ಆಪ್‌ಗಳಿಗೆ ಬರೋಣ. ನನಗೆ ಗುರುತಿನ ಒಬ್ಬ ಹಿರಿಯರು, ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗದಲ್ಲಿದ್ದು ನಿವೃತ್ತರಾದವರು. ಮಗಳಿಗೆ ಗಂಡು ನೋಡುತ್ತಿದ್ದರು. ಜಾತಕ ಬಂದ ಮನೆಗಳಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಒಂದು ತಿಂಗಳು ಇದೇ ಕಥೆ. ಪಾಪ, ಸಂಬಂಧವೇ ಇಷ್ಟವಿಲ್ಲವೇನೋ ಎಂದು ಬೇಜಾರು ಮಾಡಿಕೊಂಡಿದ್ದರು. ಕೊನೆಗೆ ಯಾರೋ ತಮ್ಮ ಫೋನಿನಲ್ಲಿ ತೋರಿಸಿದರು. ಅವರ ಕರೆ ಬಂದಾಗ ಕಾಣುತ್ತಿದ್ದ ಹೆಸರು ‘ಲೋನ್ ರಿಕವರಿ ಎತ್ತಬೇಡ’! ಹಳೆಯ ಸಾಲಗಾರರು ಯಾರೋ ಹಾಗೆ ಸೇವ್ ಮಾಡಿಕೊಂಡಿದ್ದರು.

ನಗಬೇಡಿ, ನಿಮ್ಮ ಹೆಸರು ಏನಿದೆಯೋ ನೋಡಿದ್ದೀರಾ? ಇಂಥ ಆಪ್‌ಗಳಿಗೆ ಹೆಸರು ಬರುವುದು ಬಳಸುವವರಿಂದಲೇ. ಯಾರೋ ಹೆಸರು ಸೂಚಿಸುತ್ತಾರೆ, ಯಾರೋ ಸ್ಪ್ಯಾಮ್ ಎಂದು ಒತ್ತುತ್ತಾರೆ, ಕೆಲವು ಆಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೇ ಕೇಳಿ ಪಡೆಯುತ್ತವೆ. ಎಲ್ಲರಿಗೂ ಗೊತ್ತಿರುವ ಟ್ರೂಕಾಲರ್ 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ್ದು, ಅದನ್ನು ಅತಿ ಹೆಚ್ಚು ಬಳಸುವ ದೇಶ ನಮ್ಮದು. ಉಪಯೋಗ ಇಲ್ಲ ಅನ್ನಲಾರೆ. ಸಾವಿರಾರು ಜನ ಸ್ಪ್ಯಾಮ್ ಎಂದು ಒತ್ತಿದ ನಂಬರ್ ಕೆಂಪಾಗಿ ಕಂಡರೆ ಎತ್ತುವ ಕಷ್ಟ ತಪ್ಪುತ್ತದೆ. ಆದರೆ ಕಾಂಟ್ಯಾಕ್ಟ್ ಪಟ್ಟಿ ಎಂದರೆ ನಿಮ್ಮ ಸ್ವತ್ತು ಮಾತ್ರ ಅಲ್ಲ. ಅದರಲ್ಲಿ ನಾನೂ ಇದ್ದೇನೆ. ಕೊಡುವುದಕ್ಕೆ ಮುಂಚೆ ನನ್ನನ್ನು ಕೇಳಿದಿರಾ? ನಾವು ಎಕ್ಸ್‌ಚೇಂಜಿನಲ್ಲಿ ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಹೇಳುವುದಕ್ಕೆ ನೂರು ಸಲ ಯೋಚಿಸುತ್ತಿದ್ದೆವು. ನನ್ನ ಫೋನಿನಲ್ಲಿ ಇಂಥ ಆಪ್ ಇಲ್ಲ. ಇಟ್ಟುಕೊಳ್ಳುವವರು ಇಟ್ಟುಕೊಳ್ಳಿ, ಕಾಂಟ್ಯಾಕ್ಟ್ ಅನುಮತಿ ಕೇಳಿದಾಗ ಮಾತ್ರ ಕೈ ತಡೆಯಿರಿ. ಟ್ರೂಕಾಲರಿನಲ್ಲಿ ನಿಮ್ಮ ಹೆಸರು ತೆಗೆಸಬೇಕಾದರೆ, ಖಾತೆ ಇದ್ದವರು ಮೊದಲು ಅದನ್ನು ಮುಚ್ಚಬೇಕು. ಆಮೇಲೆ ಅವರ ವೆಬ್‌ಸೈಟಿನಲ್ಲಿ ನಂಬರ್ ತೆಗೆಯುವ ಪುಟ ಇದೆ, ಅಲ್ಲಿ +91 ಸೇರಿಸಿ ನಂಬರ್ ಕೊಡಬೇಕು. ಆ ಹಿರಿಯರ ಹೆಸರನ್ನೂ ಸರಿ ಮಾಡಿಸಿದೆವು. ಮಗಳ ಮದುವೆ ಆಯಿತು, ಊಟ ಚೆನ್ನಾಗಿತ್ತು.

ಇನ್ನು ಕರೆ ಬಂದಾಗ ಟೆಲಿಕಾಂ ಕಂಪನಿಯೇ ಹೆಸರು ತೋರಿಸುವ ವ್ಯವಸ್ಥೆ ಬರುತ್ತಿದೆ. ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ 2024ರ ಫೆಬ್ರವರಿಯಲ್ಲಿ ಇದನ್ನು ಶಿಫಾರಸು ಮಾಡಿತು. ಸಿಮ್ ತಗೊಳ್ಳುವಾಗ ಅರ್ಜಿಯಲ್ಲಿ ಯಾರ ಹೆಸರಿತ್ತೋ ಅದು ಕಾಣುತ್ತದೆ. ನಮ್ಮ ಮನೆಗಳಲ್ಲಿ ಏನಾಗಬಹುದು ಗೊತ್ತಾ? ನಾಲ್ಕು ಸಿಮ್ಮೂ ಯಜಮಾನರ ಹೆಸರಲ್ಲಿ. ಸೊಸೆ ತವರಿಗೆ ಫೋನ್ ಮಾಡಿದರೆ ಮಾವನ ಹೆಸರು!

ಮಾರಾಟದ ಕರೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡಿಎನ್‌ಡಿ, ಅಂದರೆ ಡು ನಾಟ್ ಡಿಸ್ಟರ್ಬ್, ಎಂದು ಎರಡು ಇದೆ, ಗೊಂದಲ ಬೇಡ. ಆಗ ಹೇಳಿದ್ದು ನಿಮ್ಮ ಫೋನಿನ ಒಳಗಿನದು. ಇದು ಟೆಲಿಕಾಂ ಕಂಪನಿಯ ಪಟ್ಟಿ. ಮೆಸೇಜಿನಲ್ಲಿ START 0 ಎಂದು ಬರೆದು 1909ಕ್ಕೆ ಕಳಿಸಿ, ಅಥವಾ ಅದೇ ನಂಬರಿಗೆ ಫೋನ್ ಮಾಡಿ. ಬ್ಯಾಂಕಿನ ಒಟಿಪಿ, ಹಣ ಕಡಿತದ ಮೆಸೇಜು ನಿಲ್ಲುವುದಿಲ್ಲ. ಆಮೇಲೂ ಯಾರಾದರೂ ಕಾಟ ಕೊಟ್ಟರೆ ಏಳು ದಿನದ ಒಳಗೆ ದೂರು ಕೊಡಬಹುದು, ಅದಕ್ಕೆ ಟ್ರಾಯ್‌ನದೇ ಡಿಎನ್‌ಡಿ ಆಪ್ ಇದೆ. ನಂಬರಿನ ಮೊದಲ ಅಂಕಿಗಳನ್ನೂ ನೋಡಿ. 140ರಿಂದ ಶುರುವಾದರೆ ಜಾಹೀರಾತು. ಬ್ಯಾಂಕುಗಳು ಗ್ರಾಹಕರಿಗೆ ವ್ಯವಹಾರದ ಕರೆ ಮಾಡುವಾಗ 1600ರಿಂದ ಶುರುವಾಗುವ ನಂಬರ್ ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಹತ್ತಂಕಿಯ ಮಾಮೂಲಿ ಮೊಬೈಲಿನಿಂದ ‘ನಿಮ್ಮ ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ’ ಅಂದರೆ ಇಟ್ಟುಬಿಡಿ. 1600ರಿಂದ ಬಂದರೂ ಒಟಿಪಿ ಹೇಳಬೇಡಿ.

ಕಾಲ್ ಫಾರ್ವರ್ಡಿಂಗ್ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ನಮ್ಮ ಕಾಲದ ಒಳ್ಳೆಯ ಸೌಲಭ್ಯ ಅದು. ಡಾಕ್ಟರು ಮನೆಗೆ ಹೋಗುವಾಗ ದವಾಖಾನೆಯ ಕರೆಗಳನ್ನು ಮನೆಗೆ ತಿರುಗಿಸುತ್ತಿದ್ದರು. ಕಳ್ಳರು ಅದನ್ನೇ ಹಿಡಿದುಕೊಂಡಿದ್ದಾರೆ. ಕೊರಿಯರಿನವನು ಎಂದು ಒಬ್ಬ ಫೋನ್ ಮಾಡುತ್ತಾನೆ. ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸಿಗುತ್ತಿಲ್ಲ, ಹುಡುಗನ ಹತ್ತಿರ ಮಾತಾಡಿ ಎಂದು ಒಂದು ಕೋಡ್ ಒತ್ತಿಸುತ್ತಾನೆ. ಸ್ಟಾರ್ 401 ಸ್ಟಾರ್, ಆಮೇಲೆ ಒಂದು ಮೊಬೈಲ್ ನಂಬರ್. ನೀವು ಹುಡುಗನಿಗೆ ಫೋನ್ ಮಾಡಿದೆ ಅಂದುಕೊಳ್ಳುತ್ತೀರಿ. ಆದದ್ದು ಬೇರೆ. ಅಲ್ಲಿಂದ ಮುಂದೆ ನಿಮಗೆ ಬರುವ ಕರೆಗಳೆಲ್ಲ ಅವನಿಗೆ ಹೋಗುತ್ತವೆ. ಒಟಿಪಿಯನ್ನು ಕರೆ ಮಾಡಿಯೂ ಹೇಳಿಸಬಹುದು ಅಲ್ವಾ? ಅದೂ ಅವನ ಕಿವಿಗೆ. ನಿಮ್ಮ ಫೋನು ಮಾತ್ರ ಬಹಳ ಶಾಂತವಾಗಿರುತ್ತದೆ. ಇವತ್ತು ಯಾರೂ ಕಾಟ ಕೊಡಲಿಲ್ಲ ಎಂದು ನೀವು ಸಂತೋಷವಾಗಿರುತ್ತೀರಿ!

ಈ ಮೋಸ ಜಾಸ್ತಿಯಾಗಿ, 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವುದನ್ನು ನಿಲ್ಲಿಸಿ ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಆದರೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಈಗಲೇ *#21# ಒತ್ತಿ ಕರೆ ಬಟನ್ ಒತ್ತಿ. ನಿಮ್ಮ ಕರೆಗಳು ಎಲ್ಲಿಗಾದರೂ ಹೋಗುತ್ತಿವೆಯಾ ಎಂದು ಬರೆದು ತೋರಿಸುತ್ತದೆ. ನಾಟ್ ಫಾರ್ವರ್ಡೆಡ್ ಎಂದಿದ್ದರೆ ನೆಮ್ಮದಿ. ಗುರುತಿಲ್ಲದ ನಂಬರ್ ಕಂಡರೆ ##002# ಒತ್ತಿ, ಎಲ್ಲವೂ ರದ್ದಾಗುತ್ತದೆ. ಕೆಲವು ಕಂಪನಿಗಳಲ್ಲಿ ಕೋಡ್ ಬೇರೆ ಇರುತ್ತದೆ. ಕೆಲಸ ಮಾಡದಿದ್ದರೆ ಫೋನ್ ಆಪಿನ ಸೆಟ್ಟಿಂಗಿನಲ್ಲೇ ಕಾಲ್ ಫಾರ್ವರ್ಡಿಂಗ್ ಎಂದಿದೆ, ಅಲ್ಲಿ ಆಫ್ ಮಾಡಿ. ದುಡ್ಡು ಹೋಗಿಯೇಬಿಟ್ಟಿತು ಅಂದರೆ ಮಗ ಬರಲಿ, ಅಳಿಯ ಬರಲಿ ಎಂದು ಕಾಯಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ.

ಮೂವರು ಚೀಟಿ ಕಳಿಸಿದ್ದಾರೆ, ಕರೆ ರೆಕಾರ್ಡ್ ಮಾಡುವ ಒಳ್ಳೆಯ ಆಪ್ ಯಾವುದು ಎಂದು. ಮೂವರೂ ಹೆಂಗಸರೇ, ಯಾಕೆ ಎಂದು ನಾನು ಕೇಳುವುದಿಲ್ಲ. 2022ರ ಮೇ ತಿಂಗಳಿಂದ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ ಬೇರೆಯವರ ರೆಕಾರ್ಡಿಂಗ್ ಆಪ್‌ಗಳಿಗೆ ದಾರಿ ಮುಚ್ಚಿದೆ. ಫೋನಿನಲ್ಲೇ ಇದ್ದರೆ ಉಂಟು. ಗೂಗಲ್‌ನ ಫೋನ್ ಆಪಿನಲ್ಲಿ ಆ ಕಡೆಯವರಿಗೂ ರೆಕಾರ್ಡ್ ಆಗುತ್ತಿದೆ ಎಂದು ಕೇಳಿಸುತ್ತದೆ. ಹಾಗೆ ಕೇಳಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಕರೆ ಸಾಕು. ದಿನದ ಕೆಲಸಕ್ಕೆ ಬರೋಣ.

ಮುಂಬೈಯಲ್ಲಿ ಇದ್ದು, ಲೋಕಲ್ ರೈಲಿನ ವೇಳೆ ತೋರಿಸುವ ಎಂ-ಇಂಡಿಕೇಟರ್ ಆಪ್ ಇಲ್ಲದವರು ಯಾರಾದರೂ ಇದ್ದೀರಾ? ಇಲ್ಲ. ಹಾಗಾದರೆ ಅದನ್ನು ಬಿಡುತ್ತೇನೆ. ಟಿಕೆಟ್ಟಿನ ವಿಷಯ ಮಾತ್ರ ಒಂದು ಮಾತು. ಲೋಕಲ್ ಟಿಕೆಟ್ ಫೋನಿನಲ್ಲಿ ತೆಗೆಯುವ ಯುಟಿಎಸ್ ಆಪ್ 2014ರಲ್ಲಿ ಶುರುವಾದದ್ದೇ ನಮ್ಮ ಮುಂಬೈಯಲ್ಲಿ. 2025ರ ಜುಲೈಯಲ್ಲಿ ರೈಲ್ವೆ ರೈಲ್‌ಒನ್ ಎಂಬ ಹೊಸ ಆಪ್ ತಂದಿದೆ. ಲೋಕಲ್ಲೂ ಅದರಲ್ಲೇ, ಊರಿಗೆ ಹೋಗುವ ಮತ್ಸ್ಯಗಂಧದ ರಿಸರ್ವೇಶನ್ನೂ ಅದರಲ್ಲೇ. ಒಂದು ಎಚ್ಚರ. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಟಿಸಿ ಕಂಡ ಮೇಲೆ ಟಿಕೆಟ್ ತೆಗೆಯುತ್ತೇನೆ ಎಂದರೆ ಅದು ಕೊಡುವುದಿಲ್ಲ. ಮನೆಯಲ್ಲೇ ತೆಗೆದು ಹೊರಡಿ. ಸ್ಟೇಶನ್ನಿಗೆ ಬಂದು ನೆನಪಾದರೆ ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು.

ನಮ್ಮ ಮನೆಯಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಗೂಗಲ್ ಲೆನ್ಸ್. ಸೊಸೆ ಶಿವಮೊಗ್ಗದವಳು. ಬಂದ ಹೊಸತರಲ್ಲಿ ಸೊಸೈಟಿಯ ಬೋರ್ಡಿನ ಮೇಲಿನ ಮರಾಠಿ ನೋಟಿಸು ಓದಲಿಕ್ಕೆ ಬರುತ್ತಿರಲಿಲ್ಲ. ನಾಳೆ ನೀರು ಬರುವುದಿಲ್ಲ ಎಂದು ಬರೆದಿದ್ದರೆ ಇವಳು ಮಷೀನಿಗೆ ಬಟ್ಟೆ ಹಾಕಿ ಕೂರುತ್ತಿದ್ದಳು. ಈಗ ಕ್ಯಾಮೆರಾ ಹಿಡಿದರೆ ಸಾಕು, ಮರಾಠಿ ಅಕ್ಷರದ ಜಾಗದಲ್ಲೇ ಕನ್ನಡ ಬರುತ್ತದೆ. ಕನ್ನಡ ಸ್ವಲ್ಪ ಒರಟು, ಆದರೆ ನೀರು ಇದೆಯೋ ಇಲ್ಲವೋ ತಿಳಿಯುತ್ತದೆ. ಔಷಧಿ ಚೀಟಿಯ ಮೇಲಿನ ಅಕ್ಷರಕ್ಕೆ ಮಾತ್ರ ಇದನ್ನು ನಂಬಬೇಡಿ, ಔಷಧಿ ಅಂಗಡಿಯವನನ್ನೇ ಕೇಳಿ. ಇದರ ಉಲ್ಟಾ ಉಪಯೋಗ ಮಾಡುವವನು ನನ್ನ ಅಣ್ಣನ ಮೊಮ್ಮಗ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಮ್ಮ ಮನೆಗಳ ಕಥೆ ಅದೇ ಅಲ್ವಾ. ಊರಿಂದ ಬಂದ ಮದುವೆ ಕಾಗದದ ಮೇಲೆ ಫೋನ್ ಹಿಡಿದು ಕೇಳುವ ಬಟನ್ ಒತ್ತುತ್ತಾನೆ. ಅದು ಗಟ್ಟಿಯಾಗಿ ಓದುತ್ತದೆ. ಕೇಳಿ ಅವನಿಗೆ ಅರ್ಥವಾಗುತ್ತದೆ. ನನಗೆ ಖುಷಿಯೂ ಆಗುತ್ತದೆ, ಬೇಜಾರೂ ಆಗುತ್ತದೆ.

ಬರೆಯುವುದಕ್ಕೆ ಕಷ್ಟಪಡುವವರು ಕೀಬೋರ್ಡಿನ ಮೈಕ್ ಚಿಹ್ನೆ ಒತ್ತಿ ಕನ್ನಡದಲ್ಲೇ ಮಾತಾಡಿ. ಗೂಗಲ್‌ನ ಕೀಬೋರ್ಡ್ ಜಿಬೋರ್ಡಿಗೆ ಕನ್ನಡ ಭಾಷೆ ಸೇರಿಸಿಕೊಂಡರೆ ಅದು ಬರೆದುಕೊಳ್ಳುತ್ತದೆ. ನಮ್ಮ ಕುಂದಾಪುರದ ಕನ್ನಡಕ್ಕೆ ಸ್ವಲ್ಪ ತಡವರಿಸುತ್ತದೆ. ಪುಸ್ತಕದ ಕನ್ನಡ ಮಾತಾಡಿದರೆ ಚಕಚಕ ಬರೆಯುತ್ತದೆ.

ನನ್ನ ಯಜಮಾನರಿಗೆ ಕಿವಿ ಮಂದ. ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗದ ಸದ್ದು ಕೇಳಿದವರು. ಮಷೀನು ಹಾಕಿಕೊಳ್ಳಿ ಎಂದರೆ ಕೇಳುವುದಿಲ್ಲ, ಕಿವಿಯೂ ಕೇಳುವುದಿಲ್ಲ, ಮಾತೂ ಕೇಳುವುದಿಲ್ಲ. ಅವರಿಗೆ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಗೂಗಲ್‌ನ ಆಪ್ ಹಾಕಿಕೊಟ್ಟಿದ್ದೇನೆ. 2019ರಲ್ಲಿ ಬಂದದ್ದು. ಎದುರಿಗಿರುವವರು ಮಾತಾಡಿದ್ದು ದೊಡ್ಡ ಅಕ್ಷರದಲ್ಲಿ ಸ್ಕ್ರೀನಿನ ಮೇಲೆ ಬರುತ್ತಾ ಹೋಗುತ್ತದೆ, ಕನ್ನಡದಲ್ಲೂ ಬರುತ್ತದೆ. ಮೊದಲ ಸಲ ಮೊಮ್ಮಗಳು ಪಕ್ಕದಲ್ಲಿ ಕೂತು ಶಾಲೆಯ ಕಥೆ ಹೇಳಿದಳು. ಅವರು ಫೋನ್ ನೋಡುತ್ತಾ ನೋಡುತ್ತಾ ಸರಿಯಾದ ಜಾಗದಲ್ಲಿ ನಕ್ಕರು. ಆರೇಳು ವರ್ಷದಿಂದ ಅವರು ಎಲ್ಲರೂ ನಕ್ಕ ಮೇಲೆ ನಗುತ್ತಿದ್ದರು. ಜೀವನವಿಡೀ ಹೆಡ್‌ಫೋನ್ ಹಾಕಿಕೊಂಡು ಜನರ ದನಿ ಕೇಳಿದವಳು ನಾನು, ನನ್ನ ಮನೆಯಲ್ಲೇ ದನಿ ಮುಟ್ಟದವರು ಒಬ್ಬರಿದ್ದರು.

ಪೆನ್ಷನ್ ಬರುವವರು ಎಷ್ಟು ಜನ? ಅರ್ಧಕ್ಕೂ ಜಾಸ್ತಿ. ನವೆಂಬರ್ ಬಂತೆಂದರೆ ಬದುಕಿದ್ದೇನೆ ಎಂದು ಹೇಳಲು ಬ್ಯಾಂಕಿನ ಮುಂದೆ ಸಾಲು. ಅದನ್ನು ಡಿಜಿಟಲ್ ಆಗಿ ಹೇಳುವ ಜೀವನ್ ಪ್ರಮಾಣ್ 2014ರಲ್ಲೇ ಶುರುವಾಯಿತು, ಆದರೆ ಬೆರಳ ಗುರುತು ಓದುವ ಯಂತ್ರ ಬೇಕಿತ್ತು. ಪಾತ್ರೆ ತಿಕ್ಕಿದ ಬೆರಳು, ವಯಸ್ಸಾದ ಬೆರಳು ಅದಕ್ಕೆ ಸಿಗುತ್ತಿರಲಿಲ್ಲ. 2021ರ ನವೆಂಬರಿನಿಂದ ಮುಖ ತೋರಿಸಿದರೆ ಸಾಕು. ಎರಡು ಆಪ್ ಬೇಕು, ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ. ಆಧಾರ್ ನಂಬರ್, ಪೆನ್ಷನ್ ಆದೇಶದ ಮೇಲಿನ ಪಿಪಿಒ ನಂಬರ್, ಪೆನ್ಷನ್ ಬರುವ ಖಾತೆ ನಂಬರ್ ಪಕ್ಕದಲ್ಲಿಟ್ಟುಕೊಳ್ಳಿ. ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು ಕಣ್ಣು ಮಿಟುಕಿಸಿ. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪೆನ್ಷನ್‌ದಾರರು ಅಕ್ಟೋಬರ್ 1ರಿಂದಲೇ ಮಾಡಬಹುದು. ಇದು ಪುಕ್ಕಟೆ. ನವೆಂಬರಿನಲ್ಲಿ ಯಾರಾದರೂ ಫೋನ್ ಮಾಡಿ, ನಿಮ್ಮ ಲೈಫ್ ಸರ್ಟಿಫಿಕೇಟ್ ನಾನೇ ಮಾಡಿಕೊಡುತ್ತೇನೆ, ವಾಟ್ಸಾಪಿಗೆ ಒಂದು ಫೈಲ್ ಕಳಿಸಿದ್ದೇನೆ ಒತ್ತಿ ಅಂದರೆ, ಅದು ಕಳ್ಳ. ಕೊನೆಯಲ್ಲಿ ಎಪಿಕೆ (apk) ಎಂದಿರುವ ಫೈಲ್ ಫೋನಿಗೆ ಒಂದು ಆಪ್ ಹಾಕುವಂಥದ್ದು, ಅದನ್ನು ಮದುವೆ ಕಾಗದ ಎಂದು ಕಳಿಸಿದರೂ ತೆರೆಯಬೇಡಿ.

ತೆಗೆದುಹಾಕಬೇಕಾದ ಆಪ್‌ಗಳೂ ಇವೆ. ಟಾರ್ಚ್‌ಗೆಂದು ಬೇರೆ ಆಪ್ ಇಟ್ಟುಕೊಂಡವರು ತೆಗೆಯಿರಿ, ಮೇಲಿನಿಂದ ಪರದೆ ಎಳೆದರೆ ಟಾರ್ಚ್ ಅಲ್ಲೇ ಇದೆ. 2013ರಲ್ಲಿ ಅಮೆರಿಕದಲ್ಲಿ ಒಂದು ಟಾರ್ಚ್ ಆಪ್, ಜನ ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಜಾಹೀರಾತಿನವರಿಗೆ ಕೊಡುತ್ತಿದ್ದದ್ದು ಸಿಕ್ಕಿಬಿತ್ತು. ಬೆಳಕು ಕೊಡುವುದಕ್ಕೆ ನಿಮ್ಮ ವಿಳಾಸ ಯಾಕೆ? ಫೋನ್ ಕ್ಲೀನ್ ಮಾಡುತ್ತೇನೆ, ಬ್ಯಾಟರಿ ಉಳಿಸುತ್ತೇನೆ ಎನ್ನುವವೂ ಬೇಡ. ಕಾಗದ ಸ್ಕ್ಯಾನ್ ಮಾಡಲು ಗೂಗಲ್ ಡ್ರೈವಿನಲ್ಲೇ ಸೌಲಭ್ಯ ಇದೆ. ಕೆಲವರ ಹಳೆಯ ಫೋನಿನಲ್ಲಿ ಇನ್ನೂ ಕ್ಯಾಮ್‌ಸ್ಕ್ಯಾನರ್, ಶೇರ್‌ಇಟ್ ನೋಡಿದ್ದೇನೆ. 2020ರ ಜೂನಿನಲ್ಲಿ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅವೆರಡೂ ಇದ್ದವು.

ಸಂಚಾರ್ ಸಾಥಿ ಒಂದನ್ನು ಹೇಳಿ ಮುಗಿಸುತ್ತೇನೆ. ದೂರಸಂಪರ್ಕ ಇಲಾಖೆಯದು. ವೆಬ್‌ಸೈಟ್ 2023ರಲ್ಲಿ, ಆಪ್ 2025ರ ಜನವರಿಯಲ್ಲಿ ಬಂತು. ಎಲ್ಲ ಹೊಸ ಫೋನಿನಲ್ಲೂ ಇದು ಇರಲೇಬೇಕು ಎಂದು ಸರ್ಕಾರ ಹೇಳಿ, ಗಲಾಟೆಯಾಗಿ, 2025ರ ಡಿಸೆಂಬರಿನಲ್ಲಿ ಆ ಮಾತನ್ನು ಹಿಂದೆ ತಗೊಂಡಿತು. ಕಡ್ಡಾಯ ಮಾಡಿದ್ದು ನನಗೂ ಹಿಡಿಸಲಿಲ್ಲ, ಆದರೆ ಸೌಲಭ್ಯ ಒಳ್ಳೆಯದು. ಆಪ್ ಬೇಡದವರು ವೆಬ್‌ಸೈಟಿನಲ್ಲೇ ನೋಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ಪಟ್ಟಿ ಬರುತ್ತದೆ. ನಿಮ್ಮದಲ್ಲದ ನಂಬರಿದ್ದರೆ ನನ್ನದಲ್ಲ ಎಂದು ಒತ್ತಬಹುದು. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿ ಹಾಕಿ ಇಲ್ಲೇ ಬ್ಲಾಕ್ ಮಾಡಿಸಬಹುದು. ಅದಕ್ಕೆ ಐಎಂಇಐ ನಂಬರ್, ಅಂದರೆ ಫೋನಿನದೇ ಗುರುತಿನ ನಂಬರ್ ಬೇಕು. *#06# ಒತ್ತಿದರೆ ಕಾಣುತ್ತದೆ. ಅದನ್ನು ಫೋನಿನಲ್ಲೇ ಬರೆದಿಡುವವರು ಇದ್ದಾರೆ. ಫೋನೇ ಕಳೆದ ಮೇಲೆ ಎಲ್ಲಿ ನೋಡುತ್ತೀರಿ? ಕಪಾಟಿನ ಬಾಗಿಲ ಒಳಗೆ, ಹಾಲಿನ ಲೆಕ್ಕ ಅಂಟಿಸುತ್ತೀರಲ್ಲ, ಅಲ್ಲಿ ಬರೆದಿಡಿ.

ಈಗ ಪರೀಕ್ಷೆ. ಡು ನಾಟ್ ಡಿಸ್ಟರ್ಬ್ ಆನ್ ಮಾಡಿದ್ದೀರಲ್ಲ? ಗುರುತಿಲ್ಲದ ಪಕ್ಕದವರಿಗೆ ನಿಮ್ಮ ನಂಬರ್ ಕೊಡಿ. ಅವರು ಒಂದು ಸಲ ಮಾಡಲಿ. ಸದ್ದಿಲ್ಲ. ಸರಿ. ಕಟ್ ಮಾಡಿ ಮತ್ತೆ ಮಾಡಲಿ. ಹಾಂ, ಕೇಳಿಸಿತಾ? ಆ ಮೂಲೆಯಲ್ಲಿ ಎರಡು, ಇಲ್ಲಿ ಮೂರು. ನಿಮ್ಮದು ಆಗಲಿಲ್ಲವಾ ಅಮ್ಮಾ? ರಿಪೀಟ್ ಕಾಲರ್ಸ್ ಸ್ವಿಚ್ ನೋಡಿ, ಬೂದು ಬಣ್ಣ ಇದ್ದರೆ ಆಫ್ ಇದೆ ಎಂದು. ಮುಂದಿನ ಸಾಲಿನ ಅಣ್ಣಾ, ನಿಮ್ಮ ಫೋನಿಗೆ ಯಾರೂ ಪರೀಕ್ಷೆ ಮಾಡುತ್ತಿಲ್ಲ, ಆದರೂ ಹೊಡೆದುಕೊಳ್ಳುತ್ತಿದೆ. ಯಾರು ನೋಡಿ. ಅತ್ತಿಗೆಯವರಾ? ನಕ್ಷತ್ರ ಹಾಕಿದ್ದೀರಿ, ಒಳ್ಳೆಯದಾಯಿತು. ಎತ್ತಿ, ನಾವು ಕಾಯುತ್ತೇವೆ.